ಪಾಲುದಾರಿಕೆಯಲ್ಲಿ ಊರಿನ ಪಾಲೆಷ್ಟು?

ಸರಕಾರ ಮತ್ತು ಖಾಸಗಿ ಬಂಡವಾಳ ಕೈಜೋಡಿಸದೆ ಸುಸ್ಥಿರ ಅಭಿವೃದ್ಧಿಯಿಲ್ಲವೆಂಬ ಮಾತು ಮಂತ್ರದಂತೆ ಪಠಿಸಲ್ಪಡುತ್ತಿದೆ. ಅದನ್ನು ಕೊಪ್ಪಳದ ನೆಲದಲ್ಲಿಟ್ಟು ಪರೀಕ್ಷಿಸಬೇಕು. ಮಲೆನಾಡಿನವರಿಗೆ ಕೊಪ್ಪಳ ದೂರವೆನಿಸೀತು. ಆದರೆ ಗಂಗಾಮೂಲದ ಕಾಡಿನಲ್ಲಿ ಸುರಿದ ಮಳೆಯೇ ಮುನಿರಾಬಾದಿನಲ್ಲಿ ನಿಂತು ಗಂಗಾವತಿಯ ಭತ್ತದ ಗದ್ದೆಗಳಿಗೆ ಹರಿಯುತ್ತದೆ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. ಹೀಗೆ ಕುಗ್ಗಿದ ನೀರಿಗಾಗಿ ಕಾಲುವೆಯ ಕೊನೆಯ ರೈತನೂ ಕಾಯುತ್ತಾನೆ, ಕಾರ್ಖಾನೆಯೂ ಕಾಯುತ್ತದೆ.

ಕುಷ್ಟಗಿ, ಯಲಬುರ್ಗಾಗಳ ಹೆಚ್ಚಿನ ನೆಲಕ್ಕೆ ಆ ಭಾಗ್ಯವೂ ಇಲ್ಲ. ಅಲ್ಲಿ ಮಳೆ ಮತ್ತು ಕೆರೆಗಳೇ ಗತಿ. 2017ರಲ್ಲಿ ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆಯ ಹೂಳನ್ನು ಚಿತ್ರನಟ ಯಶ್ ಅವರ ಯಶೋಮಾರ್ಗ ಪ್ರತಿಷ್ಠಾನ ತೆಗೆಸಿತು; ಮಾರ್ಗದರ್ಶನ ಶಿರಸಿಯ ಶಿವಾನಂದ ಕಳವೆಯವರದು. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ನೇತೃತ್ವದಲ್ಲಿ ಹಿರೇಹಳ್ಳ 20 ಕಿಲೋಮೀಟರಿಗೂ ಮಿಕ್ಕಿ ಸ್ವಚ್ಛವಾಯಿತು. ಕುಷ್ಟಗಿಯ ನಿಡಶೇಸಿ ಕೆರೆಯ ಹೂಳೂ ಜನರ ದುಡಿಮೆಯಿಂದ ಹೊರಬಂತು. ಕೆರೆಯ ಗೋಡು ಬರಿಯ ಕಸವಲ್ಲ. ಮಸಾರಿ ನೆಲಕ್ಕೆ ಹರಡಿದರೆ ಮಣ್ಣಿನ ತೇವ ಹಿಡಿಯುವ ಶಕ್ತಿ ಹೆಚ್ಚಿ, ಮಳೆ ಕೈಕೊಟ್ಟ ವಾರಗಳಲ್ಲಿ ಸಜ್ಜೆ, ತೊಗರಿಗಳು ತಾಳಿಕೊಳ್ಳುತ್ತವೆ. ಇಲ್ಲಿಯೂ ಖಾಸಗಿ ಹಣವಿತ್ತು, ಯಂತ್ರಗಳಿದ್ದವು. ಕೆಲಸ ಮುಗಿದ ಮೇಲೆ ಕೆರೆ ಮಾತ್ರ ಊರಿನದಾಗಿಯೇ ಉಳಿಯಿತು.

2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಕೊಪ್ಪಳಕ್ಕೆ ಘೋಷಣೆಯಾದ ಪಾಲುದಾರಿಕೆ ಇನ್ನೊಂದು ಬಗೆಯದು. ನಗರದ ಮಗ್ಗುಲಲ್ಲೇ ಬಲ್ಡೋಟ ಸಮೂಹದ 54,000 ಕೋಟಿ ರೂಪಾಯಿಗಳ ಉಕ್ಕಿನ ಕಾರ್ಖಾನೆ! ಸಹಿ ಹಾಕಿದವರು ಇಬ್ಬರು: ಸರಕಾರ ಮತ್ತು ಕಂಪನಿ. ಹೊಗೆ ಕುಡಿಯಬೇಕಾದ ಊರಿನ ಸಹಿಗೆ ಆ ಕಾಗದದಲ್ಲಿ ಜಾಗವೇ ಇರಲಿಲ್ಲ. ಗಿಣಿಗೇರಿಯ ಸುತ್ತಲಿನ ರೈತರು ಈಗಿರುವ ಕಾರ್ಖಾನೆಗಳ ಕಪ್ಪು ಧೂಳಿನ ಬಗ್ಗೆ ವರ್ಷಗಳಿಂದ ದೂರುತ್ತಿದ್ದಾರೆ. ಎಲೆಯ ಮೇಲೆ ಕುಳಿತ ಧೂಳು ಬೆಳಕನ್ನು ತಡೆಯುತ್ತದೆ, ಪತ್ರರಂಧ್ರಗಳನ್ನು ಮುಚ್ಚುತ್ತದೆ. ಇದನ್ನರಿಯಲು ದೊಡ್ಡ ಪ್ರಯೋಗಾಲಯವೇನೂ ಬೇಕಿಲ್ಲ. ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಚರಿಸಿ ಸಾವಿರಾರು ಜನ ಬೀದಿಗಿಳಿದರು. ಆಮೇಲಷ್ಟೇ ಕಾಮಗಾರಿ ನಿಲ್ಲಿಸಲು ಮುಖ್ಯಮಂತ್ರಿಗಳು ಸೂಚಿಸಿದರು.

ಉದ್ಯೋಗ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ಗುಳೆ ಹೋಗುವ ಯಲಬುರ್ಗಾದ ತರುಣರಿಗೆ ಖಂಡಿತ ಬೇಕು. ಆದರೆ ಎಷ್ಟು ಕೆಲಸ, ಯಾರಿಗೆ, ಯಾವ ವೇತನಕ್ಕೆ ಎಂಬುದು ಒಪ್ಪಂದದಲ್ಲಿ ಬರೆದಿರಬೇಕು. ಯಾವ ತಿಂಗಳಲ್ಲಿ ನದಿಯಿಂದ ಎಷ್ಟು ನೀರೆತ್ತಲಾಗುವುದು, ಬರಗಾಲದಲ್ಲಿ ಮೊದಲು ಯಾರ ಕೊಳಾಯಿ ನಿಲ್ಲುವುದು, ಗಾಳಿಯನ್ನು ಅಳೆಯುವವರು ಯಾರು, ಮಿತಿ ಮೀರಿದ ದಿನ ಕುಲುಮೆ ಆರಿಸುವ ಅಧಿಕಾರ ಯಾರಿಗೆ? ಈ ಪ್ರಶ್ನೆಗಳ ಉತ್ತರವನ್ನು ಗ್ರಾಮಸಭೆಗಳ ಮುಂದೆ ಕನ್ನಡದಲ್ಲಿ ಓದಿ, ಅವುಗಳ ಒಪ್ಪಿಗೆ ಪಡೆದ ಬಳಿಕವೇ ಸಹಿಯಾಗಲಿ. ಸಮಾವೇಶದ ವೇದಿಕೆ ಅಲ್ಲಿಯವರೆಗೆ ಕಾಯಲಿ.