ಗೇಟು ಮುಚ್ಚಿದರಷ್ಟೇ ಸಾಲದು

ತಮಿಳುನಾಡಿನ ಕಡಲೂರು ಬಳಿ 2025ರ ಜುಲೈ 8ರಂದು ಶಾಲಾ ವಾಹನಕ್ಕೆ ರೈಲು ಬಡಿದು ಮೂವರು ವಿದ್ಯಾರ್ಥಿಗಳು ಸತ್ತರು. ಅದು ಕಾವಲುಗಾರನಿದ್ದ ರೈಲ್ವೆ ಗೇಟು, ಸಿಗ್ನಲ್ ಜೋಡಣೆ (ಇಂಟರ್‌ಲಾಕಿಂಗ್) ಮಾತ್ರ ಇರಲಿಲ್ಲ. ಆ ಬಳಿಕ ರೈಲ್ವೆಯು ಇಂಟರ್‌ಲಾಕಿಂಗ್‌ಗೆ ನಿಗದಿಯಾಗಿದ್ದ ಸಂಚಾರ ಒತ್ತಡದ ಮಿತಿಯನ್ನು 20,000 ರೈಲು-ವಾಹನ ಘಟಕಗಳಿಂದ 10,000ಕ್ಕೆ ಇಳಿಸಿತು. ಗೇಟು ಮುಚ್ಚದೆ ಹಸಿರು ದೀಪ ಬೀಳದ ಈ ವ್ಯವಸ್ಥೆ ತಡವಾಗಿ ಬಂದರೂ ಸ್ವಾಗತಾರ್ಹ.

ಆದರೆ ಪುಣೆಯಂಥ ನಗರಕ್ಕೆ ಇಷ್ಟೇ ಸಾಲದು. ಹುಬ್ಬಳ್ಳಿ, ಬೆಳಗಾವಿಯ ರೈಲುಗಳೂ ಓಡುವ ಪುಣೆ–ಮೀರಜ್ ಮಾರ್ಗದಲ್ಲಿ ಸಂಚಾರ ಹೆಚ್ಚಿದಷ್ಟೂ ಹಡಪಸರದ ಸಸಾಣೆನಗರದಂತಹ ಕಡೆ ಗೇಟು ಮುಚ್ಚಿರುವ ಹೊತ್ತು ಬೆಳೆಯುತ್ತದೆ. ತಾಳ್ಮೆಗೆಟ್ಟ ಬೈಕ್ ಸವಾರರು ಅಡ್ಡಗಂಬದಡಿ ನುಸುಳುತ್ತಾರೆ. ಅವರ ತಪ್ಪು ತಪ್ಪೇ, ಕಾನೂನಿನಲ್ಲಿ ಶಿಕ್ಷೆಯೂ ಉಂಟು. ಆದರೂ ನಗರದೊಳಗಿನ ಗೇಟುಗಳಿಗೆ ಮೇಲ್ಸೇತುವೆ ಅಥವಾ ಕೆಳಸೇತುವೆಯೇ ಪರಿಹಾರ. ಭೂಸ್ವಾಧೀನ, ವೆಚ್ಚ ಹಂಚಿಕೆಯ ನೆಪ ಬಿಟ್ಟು ರೈಲ್ವೆ ಮತ್ತು ಮಹಾನಗರ ಪಾಲಿಕೆ ಪ್ರತಿ ಗೇಟಿಗೂ ಗಡುವು ಪ್ರಕಟಿಸಬೇಕು.