ಒತ್ತಕ್ಷರ ಕಳಚಿದ ರಾಜ್ಯೋತ್ಸವ ನಮಗೆ ಬೇಡ



ನವೆಂಬರ್ ಸಮೀಪಿಸಿತೆಂದರೆ ಟೊರಾಂಟೊ, ಮಿಸಿಸಾಗಾ, ಬ್ರಾಂಪ್ಟನ್‌ಗಳ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ರಾಜ್ಯೋತ್ಸವದ ಭಿತ್ತಿಪತ್ರಗಳು ಹರಿದಾಡತೊಡಗುತ್ತವೆ. ಭುವನೇಶ್ವರಿಯ ಚಿತ್ರ, ಹಳದಿ-ಕೆಂಪು ಬಾವುಟ, ಮೇಪಲ್ ಎಲೆ ಎಲ್ಲವೂ ಅಂದವಾಗಿರುತ್ತವೆ. ನಡುವೆ ದಪ್ಪಕ್ಷರಗಳಲ್ಲಿ ಮಾತ್ರ ‘ಕನ್‌ನಡ ರಾಜ್‌ಯೋತ್‌ಸವ’! ಕೇಳಿದರೆ ಸಿಗುವ ಉತ್ತರ ಒಂದೇ: "ಏನು ಮಾಡುವುದು, ಫೋಟೋಶಾಪ್‌ನಲ್ಲಿ ಕನ್ನಡ ಸರಿಯಾಗಿ ಬರುವುದಿಲ್ಲ." ಈ ಉತ್ತರವನ್ನು ನಾವು ಒಪ್ಪಲಾರೆವು. ದೋಷ ಕನ್ನಡದ್ದಲ್ಲ, ತಂತ್ರಾಂಶದ ಒಂದು ಆಯ್ಕೆಯದು.

1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನವಿದೆ. ‘ನ್ನ’ ಎಂಬುದನ್ನು ಗಣಕವು ನಕಾರ, ಹಲಂತ, ನಕಾರ ಎಂದು ಮೂರು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಅವನ್ನು ಕೂಡಿಸಿ ಒತ್ತಕ್ಷರವಾಗಿ ತೋರಿಸುವುದು ಅಕ್ಷರ ಜೋಡಿಸುವ ವ್ಯವಸ್ಥೆಯ ಕೆಲಸ. ಫೋಟೋಶಾಪ್‌ನ ಅನೇಕ ಆವೃತ್ತಿಗಳಲ್ಲಿ ಇಂತಹ ವ್ಯವಸ್ಥೆಗಳು ಎರಡಿವೆ. ಇಂಗ್ಲಿಷ್ ಆವೃತ್ತಿಯಲ್ಲಿ ಸಾಮಾನ್ಯವಾಗಿ ಜಾರಿಯಲ್ಲಿರುವುದು ಕನ್ನಡವನ್ನರಿಯದ ವ್ಯವಸ್ಥೆ. ಪ್ರಿಫರೆನ್ಸಸ್‌ನ ‘ಟೈಪ್’ ವಿಭಾಗದಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಅನ್ನು, ಹಳೆಯ ಆವೃತ್ತಿಯಾದರೆ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಅನ್ನು ಆರಿಸಿ, ತಂತ್ರಾಂಶವನ್ನು ಮುಚ್ಚಿ ತೆರೆಯಬೇಕು. ಹಳೆಯ ಕಡತವಾದರೆ ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲೂ ಅದೇ ಬಗೆಯ ಆಯ್ಕೆಯನ್ನು ಮಾಡಬೇಕು. ಇಲಸ್ಟ್ರೇಟರ್‌ನಲ್ಲಿ ‘ಶೋ ಇಂಡಿಕ್ ಆಪ್ಷನ್ಸ್’ ಎಂಬುದನ್ನು ಗುರುತಿಸಬೇಕು. ಉಚಿತವಾಗಿ ದೊರೆಯುವ ಗಿಂಪ್, ಇಂಕ್‌ಸ್ಕೇಪ್‌ಗಳಿಗೆ ಇಷ್ಟೂ ಬೇಕಿಲ್ಲ. ಅಕ್ಷರಗಳ ಬದಲು ಚೌಕಗಳು ಕಂಡರೆ ಆ ಫಾಂಟ್‌ನಲ್ಲಿ ಕನ್ನಡವಿಲ್ಲವೆಂದರ್ಥ. ನೋಟೋ ಸಾನ್ಸ್ ಕನ್ನಡದಂತಹ ಉಚಿತ ಫಾಂಟ್ ಹಾಕಿಕೊಂಡರೆ ಮುಗಿಯಿತು.

ಕೆಲವರು ಇದಕ್ಕೆ ಅಡ್ಡದಾರಿಯೊಂದನ್ನು ಹಿಡಿದಿದ್ದಾರೆ: ನುಡಿ, ಬರಹಗಳ ಹಳೆಯ ಫಾಂಟ್‌ಗಳು. 1998ರಲ್ಲಿ ಬಂದ ಬರಹ, ಅದರ ನಂತರ ಬಂದ ನುಡಿ, ಇವೆರಡರ ಋಣ ದೊಡ್ಡದು. ಆದರೆ ಆ ಫಾಂಟ್‌ಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ. ಫಾಂಟ್ ಇಲ್ಲದ ಗಣಕದಲ್ಲಿ ಅದೇ ಕಡತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದರ ಪಠ್ಯವನ್ನು ಮಿಂಚಂಚೆಗೆ ನಕಲಿಸಲಾಗದು, ಹುಡುಕಲಾಗದು. ದೃಷ್ಟಿಹೀನರಿಗೆ ಓದಿಹೇಳುವ ತಂತ್ರಾಂಶಕ್ಕೂ ಅದು ಕನ್ನಡವಲ್ಲ. ನುಡಿ, ಬರಹಗಳೇ ಯೂನಿಕೋಡನ್ನು ಅಪ್ಪಿಕೊಂಡಿರುವಾಗ ನಾವೇಕೆ ಹಿಂದಕ್ಕೆ ಹೋಗಬೇಕು?

"ಭಿತ್ತಿಪತ್ರ ಬರಿಯ ಚಿತ್ರ, ಅರ್ಥವಾದರೆ ಸಾಲದೇ?" ಎನ್ನುವವರಿದ್ದಾರೆ. ಸಾಲದು. ಇಲ್ಲಿ ಹುಟ್ಟಿದ ಮಕ್ಕಳು ವಾರಾಂತ್ಯದ ಕನ್ನಡ ತರಗತಿಯಲ್ಲಿ ಬೆವರು ಹರಿಸಿ ಕಲಿಯುವುದೇ ಒತ್ತಕ್ಷರವನ್ನು. ಮನೆಯಾಚೆ ಅವರು ಕನ್ನಡ ಲಿಪಿಯನ್ನು ಕಾಣುವ ಸ್ಥಳಗಳು ಬೆರಳೆಣಿಕೆಯಷ್ಟು. ಅಲ್ಲಿಯೂ ಮುರಿದ ಅಕ್ಷರಗಳೇ ಕಂಡರೆ, ಕಲಿತದ್ದು ಸರಿಯೋ ಕಂಡದ್ದು ಸರಿಯೋ ಎಂದು ಅವರು ಯಾರನ್ನು ಕೇಳಬೇಕು? ಫ್ರೆಂಚ್ ಅಕ್ಷರಗಳ ಮೇಲಿನ ಗುರುತುಗಳು ಉದುರಿದ ಪ್ರಕಟಣೆಯನ್ನು ಈ ದೇಶದ ಫ್ರೆಂಚ್ ಭಾಷಿಕರು ಸುಮ್ಮನೆ ಒಪ್ಪಿಕೊಳ್ಳುವರೇ? 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ಪಡೆದ ಭಾಷೆಯೆಂದು ವೇದಿಕೆಯ ಮೇಲೆ ಭಾಷಣ, ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಅದೇ ಭಾಷೆಯ ಅಂಗಭಂಗ!

ದಿನದ ಕೆಲಸ ಮುಗಿಸಿ ರಾತ್ರಿ ಕುಳಿತು ಭಿತ್ತಿಪತ್ರ ರಚಿಸುವ ಸ್ವಯಂಸೇವಕರನ್ನು ನಾವು ದೂರುತ್ತಿಲ್ಲ. ಅವರಲ್ಲಿ ಕೆಲವರಿಗೆ ಕನ್ನಡ ಓದಲು ಬಾರದಿರಬಹುದು. ಓದಲು ಬಲ್ಲವರಾಗಿಯೂ ನೋಡದೆ "ಚೆನ್ನಾಗಿದೆ, ಕಳುಹಿಸಿ" ಎನ್ನುವ ಸಮಿತಿಗಳನ್ನು ದೂರುತ್ತಿದ್ದೇವೆ.

ನಮ್ಮ ಆಗ್ರಹ ಸರಳ. ವಿನ್ಯಾಸ ಆರಂಭಿಸುವ ಮುನ್ನ ‘ಕರ್ನಾಟಕ ರಾಜ್ಯೋತ್ಸವ’ ಎಂದು ಟೈಪಿಸಿ ನೋಡಿ. ಅರ್ಕಾವತ್ತು, ಯ-ಒತ್ತು, ಸ-ಒತ್ತು ಮೂರೂ ಅದರಲ್ಲಿವೆ. ಅವು ಸ್ವಸ್ಥಾನದಲ್ಲಿ ಕುಳಿತರೆ ಮುಂದುವರಿಯಿರಿ. ಮುದ್ರಣಕ್ಕೆ ಹೋಗುವ ಮುನ್ನ ಕನ್ನಡ ಬಲ್ಲ ಒಬ್ಬರಾದರೂ ಪ್ರತಿಯೊಂದು ಪದವನ್ನೂ ಓದಲಿ. ಒಡೆದ ಅಕ್ಷರ ಕಂಡರೆ ಭಿತ್ತಿಪತ್ರ ಹೊರಡದಿರಲಿ, ಒಂದು ದಿನ ತಡವಾದರೂ ಸರಿಯೇ.

– ಸಂಪಾದಕ ಬಳಗ