ಎಂಜಿನ್ ಬದಲಾಯ್ತು, ಆರ್.ಸಿ. ಬುಕ್ ಬದಲಾಗಲಿಲ್ಲ!

ಕಕ್ಕಬೆಯಲ್ಲಿ ಬಸ್ಸು ತಪ್ಪಿತೆಂದರೆ ಜೀಪೇ ಗತಿ. ತಡಿಯಂಡಮೋಳ್ ಬೆಟ್ಟ ಹತ್ತಲು ಬಂದ ಪ್ರವಾಸಿಗರಿಗೂ ಜೀಪು, ತೋಟಕ್ಕೆ ಹೋಗುವ ಕೆಲಸದವರಿಗೂ ಜೀಪು, ನಾಪೋಕ್ಲಿನಿಂದ ಸಾಮಾನು ತರುವ ಅಂಗಡಿಯವರಿಗೂ ಜೀಪು. ಈ ಏರು ರಸ್ತೆ, ಈ ಮಳೆ, ಈ ಕೆಸರಿಗೆ ಅದು ಬಿಟ್ಟರೆ ಬೇರೆ ಗಾಡಿ ಹೊಂದೋದೇ ಇಲ್ಲ.

ಆದರೆ ಕೆಲವು ಹಳೇ ಜೀಪುಗಳ ಬಾನೆಟ್ ಎತ್ತಿ ನೋಡಿ. ಮೇಲೆ ವಿಲ್ಲಿಸ್, ಒಳಗೆ ಪ್ಯೂಜೋ! ಹುಟ್ಟುವಾಗ ಪೆಟ್ರೋಲ್, ಈಗ ಡೀಸೆಲ್. ಎಂಜಿನ್ ಕೂರಿಸಿದ ಮೇಸ್ತ್ರಿ ಹೇಳೋದು ಒಂದೇ ಮಾತು: “ಗಾಡಿ ಓಡಿಸಿ ಅಣ್ಣಾ, ಕಾಗದದ್ದು ಆಮೇಲೆ ನೋಡ್ಕೊಳ್ಳೋಣ.” ಆ ‘ಆಮೇಲೆ’ ಎಂಬುದು ಎಷ್ಟೋ ಜನಕ್ಕೆ ಬಂದೇ ಇಲ್ಲ. ಇವತ್ತಿನ ಮಾತು ಅದರ ಬಗ್ಗೆಯೇ.

ಕಂಪನಿ ಮಾಡಿದರೆ ಸರಿ, ನಾವು ಮಾಡಿದರೆ ತಪ್ಪೇ?

ಜೀಪಿನವರ ಕಡೆಗೂ ನ್ಯಾಯ ಇದೆ. ಹಳೆಯ ವಿಲ್ಲಿಸ್‌ನ 2.2 ಲೀಟರ್ ಪೆಟ್ರೋಲ್ ಎಂಜಿನ್ ಗಟ್ಟಿಮುಟ್ಟು, ನಿಜ. ಆದರೆ ಕುಡಿಯುವುದರಲ್ಲೂ ಗಟ್ಟಿ. ಬಾಡಿಗೆಯಲ್ಲಿ ಬಂದದ್ದೆಲ್ಲ ಬಂಕಿಗೇ ಸುರಿದರೆ ಮನೆಗೇನು ಉಳಿಯುತ್ತೆ? 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದ ಮಹೀಂದ್ರದವರೇ ಮುಂದೆ ಟ್ರ್ಯಾಕ್ಟರಿನ ಡೀಸೆಲ್ ಎಂಜಿನನ್ನು ಜೀಪಿಗೆ ಹಾಕಿದರು. 1980ರ ದಶಕದಲ್ಲಿ ಎಂಎಂ 540 ಜೀಪಿಗೆ 2.1 ಲೀಟರಿನ ಪ್ಯೂಜೋ ಡೀಸೆಲ್ ಎಂಜಿನ್ ಬಂತು. “ಅವರು ಮಾಡಿದ್ದನ್ನೇ ನಾವು ಮಾಡಿದ್ದೇವೆ” ಎನ್ನುತ್ತಾರೆ ಮಾಲೀಕರು.

ವ್ಯತ್ಯಾಸ ಇರೋದು ಇಲ್ಲೇ ಸ್ವಾಮಿ. ಕಂಪನಿಯವರು ಎಂಜಿನ್ ಒಂದನ್ನೇ ಬದಲಾಯಿಸಲಿಲ್ಲ. ಅದರ ತೂಕಕ್ಕೆ ತಕ್ಕ ಸ್ಪ್ರಿಂಗು, ಎಳೆತಕ್ಕೆ ತಕ್ಕ ಗೇರ್ ಬಾಕ್ಸು, ಬಿಸಿಗೆ ತಕ್ಕ ರೇಡಿಯೇಟರ್, ಓಟಕ್ಕೆ ತಕ್ಕ ಬ್ರೇಕು ಎಲ್ಲಾ ಲೆಕ್ಕ ಹಾಕಿ, ಪರೀಕ್ಷೆ ಮಾಡಿಸಿ, ಸರಕಾರದ ಒಪ್ಪಿಗೆ ಪಡೆದು ರಸ್ತೆಗೆ ಬಿಟ್ಟರು. ನಮ್ಮಲ್ಲಿ ಎಂಜಿನ್ ಸಿಕ್ಕಿದ ದಿನವೇ ಚೈನ್ ಬ್ಲಾಕ್ ಏರುತ್ತೆ. ಬೆಲ್ ಹೌಸಿಂಗ್ ಕೂರುತ್ತೋ ಇಲ್ಲವೋ, ಪ್ರೊಪೆಲ್ಲರ್ ಶಾಫ್ಟ್ ಉದ್ದ ಸಾಲುತ್ತೋ ಇಲ್ಲವೋ, ಅದೆಲ್ಲ ಎಂಜಿನ್ ಒಳಗಿಳಿದ ಮೇಲೆ ನೋಡುವ ಸಂಗತಿ!

ಇಳಿಜಾರಿನ ಮಾತು

ಒಂದು ಉದಾಹರಣೆ. ಬೂಸ್ಟರ್ ಬ್ರೇಕ್ ಇರುವ ಪೆಟ್ರೋಲ್ ಗಾಡಿಯಲ್ಲಿ ಬೂಸ್ಟರಿಗೆ ಬೇಕಾದ ಎಳೆತವನ್ನು ಎಂಜಿನ್ನೇ ಕೊಡುತ್ತದೆ. ಡೀಸೆಲ್ ಎಂಜಿನ್ ಹಾಗೆ ಕೊಡೋಲ್ಲ. ಅದಕ್ಕೆ ಬೇರೆ ವ್ಯಾಕ್ಯೂಮ್ ಪಂಪು ಬೇಕು. ಅದನ್ನು ಮರೆತರೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಏರು ಹತ್ತುವಾಗ ಯಾರಿಗೂ ಗೊತ್ತಾಗೋಲ್ಲ. ಹಿಂದೆ ಎಂಟು ಜನ ಕೂತು ಬೆಟ್ಟ ಇಳಿಯುವಾಗ ಗೊತ್ತಾಗುತ್ತದೆ.

ವೈರಿಂಗ್ ಕಥೆ ಇನ್ನೊಂದು. ಹಳೆಯ ಮಿಲಿಟರಿ ವಿಲ್ಲಿಸ್‌ನದು 6 ವೋಲ್ಟಿನ ಬ್ಯಾಟರಿ. 12 ವೋಲ್ಟಿಗೆ ಬದಲಾಯಿಸಿದರೆ ಬಲ್ಬು, ಹಾರ್ನು, ಮೀಟರು ಎಲ್ಲವನ್ನೂ ನೋಡಬೇಕು. ಡೀಸೆಲ್‌ಗೆ ಕಾಯಿಲ್, ಡಿಸ್ಟ್ರಿಬ್ಯೂಟರ್ ಗೋಜಿಲ್ಲ. ಗಾಳಿಯನ್ನು ಒತ್ತಿದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತೆ. ಆದರೆ ಅಷ್ಟು ಒತ್ತಡದ ಎಂಜಿನ್ ತಿರುಗಿಸಲು ದೊಡ್ಡ ಸ್ಟಾರ್ಟರ್, ದೊಡ್ಡ ಬ್ಯಾಟರಿ ಬೇಕು. ಚಳಿಗೆ ಹೀಟರ್ ಪ್ಲಗ್ ಬೇಕು. ಇವೆಲ್ಲ ಎಳೆಯುವ ಕರೆಂಟಿಗೆ ಹಳೇ ಸಣ್ಣ ವೈರು ಸಾಲದು, ಕಾದು ಕರಗುತ್ತದೆ. ದಪ್ಪ ವೈರು, ಫ್ಯೂಸು, ರಿಲೇ, ಎಂಜಿನ್ನಿನಿಂದ ಚಾಸಿಸ್‌ಗೆ ಒಳ್ಳೆ ಅರ್ತು ಇಷ್ಟೂ ಬೇಕೇ ಬೇಕು. ಇನ್ನೊಂದು: ಹಳೇ ಡೀಸೆಲ್ ಎಂಜಿನ್ ಕೀ ತಿರುಗಿಸಿದ ಮಾತ್ರಕ್ಕೆ ನಿಲ್ಲೋಲ್ಲ. ಎಣ್ಣೆ ನಿಲ್ಲಿಸುವ ಕೇಬಲ್ಲೋ ಸೊಲೆನಾಯ್ಡೋ ಸರಿಯಾಗಿ ಇರಬೇಕು.

ಈಗಿನ ಕಾಮನ್ ರೈಲ್ ಎಂಜಿನ್ ಆದರೆ ಕೇಳೋದೇ ಬೇಡ. ಅದಕ್ಕೆ ಕಂಪ್ಯೂಟರ್ ಪೆಟ್ಟಿಗೆ, ಸೆನ್ಸಾರು, ಆಕ್ಸಿಲರೇಟರ್ ಪೆಡಲ್, ಕೀ ಎಲ್ಲಾ ಒಂದೇ ಗಾಡಿಯದ್ದು ಸಿಗಬೇಕು. ಎಂಜಿನ್ ಮಾತ್ರ ಅಗ್ಗಕ್ಕೆ ತಂದವರು ವೈರಿಂಗ್ ಸೆಟ್ಟಿಗೆ ಊರೂರು ಅಲೆಯಬೇಕು.

ಕಾನೂನು ಏನು ಹೇಳುತ್ತೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿ ಮಾರ್ಪಾಡಿನದು. ಮೊದಲು ನೋಂದಣಿ ಅಧಿಕಾರಿಗೆ ತಿಳಿಸಿ, ಒಪ್ಪಿಗೆ ಪಡೆದು ಮಾರ್ಪಾಡು ಮಾಡಲು ದಾರಿ ಇತ್ತು. ಆಗ ಒಪ್ಪಿಗೆ ಪಡೆದು ಆರ್.ಸಿ.ಯಲ್ಲಿ ಡೀಸೆಲ್ ಎಂದು ಬರೆಸಿಕೊಂಡವರು ಜಾಣರು. 2000ದ ತಿದ್ದುಪಡಿ ಬಾಗಿಲನ್ನು ಕಿರಿದು ಮಾಡಿತು: ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್.ಸಿ.ಗೂ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸುವಂತಿಲ್ಲ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಯಂಥ ಇಂಧನಕ್ಕೆ ಬದಲಾಯಿಸಲು ಮಾತ್ರ, ಅದೂ ಷರತ್ತಿಗೆ ಒಳಪಟ್ಟ ಕಿಟ್ ಹಾಕಿಸಿಕೊಂಡರೆ, ರಿಯಾಯಿತಿ ಇದೆ. ಪಕ್ಕದ ಕೇರಳದಿಂದ ಹೋದ ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ನಿಯಮ ಮೀರಿದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಹಾಗಾದರೆ ಎಂಜಿನ್ ಕೆಟ್ಟವರು ಗಾಡಿ ಗುಜರಿಗೆ ಹಾಕಬೇಕೇ? ಬೇಕಿಲ್ಲ. ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ಹಾಕಿಸುವುದಾದರೆ ಮೊದಲು ಮಡಿಕೇರಿಯ ಆರ್‌ಟಿಒ ಕಚೇರಿಗೆ ಅರ್ಜಿ ಕೊಡಿ. ಎಂಜಿನ್ ಕೊಂಡ ಬಿಲ್ಲು ಇಟ್ಟುಕೊಳ್ಳಿ. ಹಳೆ ಗಾಡಿಯಿಂದ ತೆಗೆದ ಎಂಜಿನ್ ಆದರೆ ಆ ಗಾಡಿಯ ದಾಖಲೆಯನ್ನೂ ಕೇಳಿ ಪಡೆಯಿರಿ. ಕದ್ದ ಗಾಡಿಯ ಎಂಜಿನ್ ನಿಮ್ಮ ಕೊರಳಿಗೆ ಬೀಳಬಾರದು. ಸಾಲದ ಗಾಡಿಯಾದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಮಾರ್ಪಾಡು ಆಗಿಹೋಗಿದ್ದರೆ 14 ದಿನದೊಳಗೆ ತಿಳಿಸಬೇಕೆಂದು ಅದೇ ಕಲಂ ಹೇಳುತ್ತದೆ.

ಸ್ವಂತ ಬಳಕೆ ಗಾಡಿಯ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಇನ್ಸ್‌ಪೆಕ್ಟರು ಚಾಸಿಸ್ ನಂಬರ್, ಎಂಜಿನ್ ನಂಬರ್ ತಾಳೆ ನೋಡುವ ದಿನ ‘ಆಮೇಲೆ’ ಎಂದ ಮೇಸ್ತ್ರಿ ಜೊತೆಗೆ ಬರೋಲ್ಲ. ಅಪಘಾತವಾದರೆ ವಿಮೆಯವರು ನೋಡುವುದೂ ಅದೇ ನಂಬರು. ಅದು ಹೊಂದದಿದ್ದರೆ ತಕರಾರು ತೆಗೆಯಲು ಅವರಿಗೆ ನೆವ ಸಿಕ್ಕಿತು. ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು? ಕಾಲು ಮುರಿದುಕೊಂಡ ತೋಟದ ಕೆಲಸದವ, ಜೀಪು ಬಿಟ್ಟರೆ ಜೀವನಕ್ಕೆ ಬೇರೆ ದಾರಿ ಇಲ್ಲದ ಮಾಲೀಕ.

ಅಧಿಕಾರಿಗಳಿಗೆ ಒಂದು ಮಾತು

ದಂಡ ಹಾಕುವುದು ಸುಲಭ. ಆದರೆ ಕಕ್ಕಬೆಯವನು “ನನ್ನ ಎಂಜಿನ್ ಸರಿಯೋ ತಪ್ಪೋ” ಎಂದು ಕೇಳಲು ಒಂದು ದಿನದ ಬಾಡಿಗೆ ಬಿಟ್ಟು ಮಡಿಕೇರಿಗೆ ಹೋಗಬೇಕು. ಅಲ್ಲಿ ಸಾಹೇಬರು ಸಿಗದಿದ್ದರೆ ಇನ್ನೊಂದು ದಿನ. ಕೊನೆಗೆ ಅವನಿಗೆ ಉತ್ತರ ಹೇಳುವುದು ಏಜೆಂಟ್. ಕೇಳಲು ಹೋದರೆ ಸಿಕ್ಕಿಬೀಳುತ್ತೇನೆಂಬ ಹೆದರಿಕೆ ಬೇರೆ.

ಆದ್ದರಿಂದ ಆರ್‌ಟಿಒದವರು ನಾಪೋಕ್ಲಿನಲ್ಲಿ ಒಂದು ದಿನ ಶಿಬಿರ ಹಾಕಲಿ. ಯಾವ ಎಂಜಿನ್‌ಗೆ ಒಪ್ಪಿಗೆ ಉಂಟು, ಯಾವುದಕ್ಕೆ ಇಲ್ಲ, ಏನೇನು ಕಾಗದ ಬೇಕು ಎಂದು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಬಂದ ಜೀಪಿನ ಬ್ರೇಕು, ವೈರಿಂಗು, ನಂಬರು ನೋಡಿ, ಸರಿ ಮಾಡಬಹುದಾದ್ದನ್ನು ಸರಿ ಮಾಡಿಕೊಡಲಿ. ಸರಿಯಾಗದ್ದಕ್ಕೆ “ಇದು ಆಗೋಲ್ಲ, ಇಷ್ಟು ದಿನದೊಳಗೆ ಮೊದಲಿನ ಎಂಜಿನ್ ಹಾಕಿಸು” ಎಂದು ಬಾಯಿಬಿಟ್ಟು ಹೇಳಲಿ. ಗ್ಯಾರೇಜಿನವರೂ ಅಷ್ಟೆ: ಆರ್‌ಟಿಒ ಒಪ್ಪಿಗೆ ಕಾಗದ ತೋರಿಸದವರ ಎಂಜಿನ್ ಎತ್ತಬೇಡಿ. ಒಂದು ಕೆಲಸ ಕೈಬಿಟ್ಟೀತು, ನೆಮ್ಮದಿ ಉಳಿದೀತು.

ಪ್ರಯಾಣಿಕರೂ ಸುಮ್ಮನೆ ಹತ್ತಿ ಕೂರಬೇಡಿ. “ಇದು ಯಾವ ಎಂಜಿನ್ ಅಣ್ಣಾ? ಬುಕ್ಕಿನಲ್ಲಿ ಹತ್ತಿದೆಯಾ?” ಎಂದು ಕೇಳಿ. ಕೇಳೋದಕ್ಕೆ ಚಾರ್ಜಿಲ್ಲ.

ಮಳೆ ಬಿಟ್ಟ ಮೇಲೆ ತಡಿಯಂಡಮೋಳ್‌ಗೆ ಜನ ಸಾಲುಗಟ್ಟುತ್ತಾರೆ. ಅದಕ್ಕೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ನಾಪೋಕ್ಲಿಗೆ ಬನ್ನಿ ಸಾಹೇಬರೇ. ಬರುವಾಗ ಬೇಕಾದರೆ ಜೀಪಿನಲ್ಲೇ ಬನ್ನಿ.